ಸ್ಪೋರ್ಟ್ಸ್ ಕಾರಿಗೆ ಫೈಬರ್ ಫೆಂಡರ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಾರ್ಜಾದಲ್ಲಿ 9 ವರ್ಷ ಬಾಡಿ ಶಾಪಲ್ಲಿ ಇದ್ದವ, ಈಗ ನೀರ್ಚಾಲು ಹತ್ರ ಮನೆ ಹಿಂದಿನ ಅಡಿಕೆ ಶೆಡ್ಡಲ್ಲಿ ಅದೇ ಕೆಲಸ ಸಣ್ಣಕ್ಕೆ ಮಾಡ್ತಾ ಇದ್ದೇನೆ. ಕಾಸರಗೋಡು, ಉಪ್ಪಳ, ಪುತ್ತೂರು ಕಡೆಯ ಹುಡುಗರು ಫೋನ್ ಮಾಡಿ ಕೇಳುವುದು ಯಾವಾಗ್ಲೂ ಇದೇ ಹತ್ತು ಹದಿನೈದು ಪ್ರಶ್ನೆ, ಹೇಳಿ ಹೇಳಿ ಗಂಟಲು ಒಣಗಿತು, ಹಾಗೆ ಒಂದು ಆದಿತ್ಯವಾರ ಕೂತು ಬರೆದದ್ದು. ಉದಾಹರಣೆ ಜಾಸ್ತಿ ಮಾಜ್ದಾ ಎಂಎಕ್ಸ್-5ದ್ದು ಬರ್ತದೆ, 1989ರಲ್ಲಿ ಬಂದ ಆ ಲೈಟ್ ಮೇಲೆ ಏಳುವ ಮಾಡೆಲ್, ಅಲ್ಲಿ ನನ್ನ ಕೈಗೆ ಹೆಚ್ಚು ಸಿಕ್ಕಿದ್ದು ಅದೇ. ಆದ್ರೆ ಬೋಲ್ಟಿನ ಫೆಂಡರ್ ಇರುವ ಯಾವ ಕಾರಿಗೂ ಕೆಲಸ ಹೆಚ್ಚುಕಡಿಮೆ ಇದೇ.

ಫೆಂಡರ್ ಅಂದ್ರೆ ಮಡ್‌ಗಾರ್ಡಾ ಅಣ್ಣಾ?

ಅದೇ. ಮುಂದಿನದ್ದು ಬೋಲ್ಟಲ್ಲಿ ನಿಂತದ್ದು, ಹತ್ತರ ಸ್ಪ್ಯಾನರ್ ಇದ್ರೆ ಬಿಚ್ಚಬಹುದು. ಹಿಂದಿನದ್ದು ಬಾಡಿಗೆ ವೆಲ್ಡ್ ಆಗಿಯೇ ಬರುವುದು, ಕಾರಿನ ಬಲ ಅದರಲ್ಲೂ ಉಂಟು, ಅದನ್ನು ಗ್ರೈಂಡರ್ ಹಿಡಿದು ಕಡಿದು ಫೈಬರ್ ಅಂಟಿಸ್ತೇನೆ ಅಂತ ಹೊರಟ್ರೆ ಅದು ಫೆಂಡರ್ ಕೆಲಸ ಅಲ್ಲ, ಬೇರೆಯೇ ಕಥೆ. ಇಲ್ಲಿ ಬರೆದದ್ದೆಲ್ಲ ಮುಂದಿನ ಎರಡರದ್ದು ಮಾತ್ರ.

ಫೈಬರ್ ಹಾಕಿದ್ರೆ ಕಾರು ಎಷ್ಟು ಹಗುರ ಆಗ್ತದೆ?

ನೀವು ಅಂದ್ಕೊಂಡಷ್ಟು ಆಗುದಿಲ್ಲ. ಲೆಕ್ಕ ನೋಡಿ, ಫೆಂಡರಿನ ತಗಡು 0.8 ಮಿಲಿಮೀಟರ್ ಹತ್ರ ಇರ್ತದೆ, ಒಂದು ಚದರ ಮೀಟರಿಗೆ ಆರೂಕಾಲು ಕಿಲೋ ಬಂತು. ಮ್ಯಾಟ್ (ಗಾಜಿನ ಎಳೆಯ ಹಾಸು) ಮತ್ತು ಪಾಲಿಯೆಸ್ಟರ್ ರೆಸಿನ್ (ಗಟ್ಟಿ ಆಗುವ ಅಂಟು ದ್ರವ) ಸೇರಿಸಿ ಮಾಡಿದ ಫೈಬರ್ 2.5 ಮಿಲಿಮೀಟರ್ ದಪ್ಪ ಇದ್ರೆ ಅಷ್ಟೇ ಜಾಗಕ್ಕೆ ಮೂರು ಮುಕ್ಕಾಲು ಕಿಲೋ. ಒಂದು ಫೆಂಡರ್ ಅರ್ಧ ಚದರ ಮೀಟರ್ ಅಂತ ಹಿಡಿದ್ರೆ ಉಳಿದದ್ದು ಒಂದೂಕಾಲು ಕಿಲೋ, ಎರಡೂ ಬದಿ ಸೇರಿ ಎರಡೂವರೆ. ಡಿಕ್ಕಿಯಲ್ಲಿ ಒಂದು ಹಲಸಿನ ಹಣ್ಣು ಹಾಕಿದ್ರೆ ಮುಗೀತು, ಉಳಿಸಿದ್ದೆಲ್ಲ ವಾಪಸ್ ಬಂತು! ರೇಸಿನವರು ತೆಳುವಿನದ್ದು ಹಾಕ್ತಾರೆ, ಅವರು ಬಾನೆಟ್, ಡಿಕ್ಕಿ, ಸೀಟು ಎಲ್ಲ ಬದಲಿಸಿ ಗ್ರಾಂ ಗ್ರಾಂ ಕೂಡಿಸ್ತಾರೆ, ಅದು ಬೇರೆ.

ನಮ್ಮ ಕಡೆ ನಿಜವಾದ ಲಾಭ ಅಂದ್ರೆ ತುಕ್ಕು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಡಲ ಗಾಳಿ, ಮೇಲಿಂದ ವರ್ಷಕ್ಕೆ 3500 ಮಿಲಿಮೀಟರ್ ಹತ್ರ ಮಳೆ, ಫೆಂಡರಿನ ಕೆಳ ಮೂಲೆಯಲ್ಲಿ ಕೆಸರು ಕೂತು ಕೂತು ತಗಡು ಹಪ್ಪಳ ಆಗ್ತದೆ. ಹಳೇ ಕಾರಿಗೆ ಕಂಪೆನಿ ಫೆಂಡರ್ ಸಿಗದೇ ಇದ್ದಾಗ ಫೈಬರ್ ಒಂದು ದಾರಿ. ಇದು ಹೊಸ ಹುಚ್ಚೂ ಅಲ್ಲ, ಅಮೆರಿಕದ ಕಾರ್ವೆಟ್ 1953ರಲ್ಲಿ ಬಂದದ್ದೇ ಪೂರ್ತಿ ಫೈಬರ್ ಬಾಡಿಯಲ್ಲಿ, ನಮ್ಮ ಪಕ್ಕದ ಗೋವಾದಲ್ಲಿ ಆದ ಸ್ಯಾನ್ ಸ್ಟಾರ್ಮ್ ಎರಡು ಸೀಟಿನ ಕಾರಿಗೂ ಫೈಬರ್ ಬಾಡಿಯೇ.

ಫೆಂಡರ್ ಬಂದು ಮುಟ್ಟಿತು, ಮೊದ್ಲು ಎಂತ ನೋಡ್ಬೇಕು?

ಪೆಟ್ಟಿಗೆ ಬಿಚ್ಚಿದ ಕೂಡ್ಲೇ ಮನೆ ಒಳಗೆ ಕೊಂಡು ಹೋಗಿ ಗೋಡೆಗೆ ಒರಗಿಸಿ ಇಡ್ಬೇಡಿ, ಅದು ಮೊದಲ್ನೆ ಮಾತು. ಹೊಸ ಫೈಬರ್ ಪೂರ್ತಿ ಗಟ್ಟಿ ಆಗಿರುದಿಲ್ಲ, ಒರಗಿಸಿಟ್ರೆ ಎರಡು ವಾರದಲ್ಲಿ ಆ ಬಾಗಿನಲ್ಲೇ ಕೂತುಬಿಡ್ತದೆ. ಕಾರಿಗೇ ಸಡಿಲಕ್ಕೆ ಬೋಲ್ಟ್ ಹಾಕಿ ಇಡಿ, ಅದು ಆಗದಿದ್ರೆ ಹಳೇ ಫೆಂಡರಿನ ಮೇಲೆ ಮಗುಚಿ ಕಟ್ಟಿ ಇಡಿ.

ಮತ್ತೆ ಬಿಸಿಲಿಗೆ ಎದುರು ಹಿಡಿದು ಹಿಂದಿನಿಂದ ನೋಡಿ. ಬೆಳಕು ಒಂದೇ ಸಮ ಬಂದ್ರೆ ದಪ್ಪ ಸಮ ಉಂಟು ಅಂತ, ಒಂದು ಕಡೆ ಬೆಳ್ಳಗೆ ಒಣಗಿದ ಹಾಗೆ ಕಂಡ್ರೆ ಅಲ್ಲಿ ಮ್ಯಾಟ್‌ಗೆ ರೆಸಿನ್ ಕುಡಿಸ್ಲೇ ಇಲ್ಲ. ಜೆಲ್‌ಕೋಟ್, ಅಂದ್ರೆ ಫೈಬರಿನ ಹೊರಗಿನ ನಯದ ಪದರ, ಕಪ್ಪು ಇದ್ರೆ ಇದು ಕಾಣುದಿಲ್ಲ, ಆಗ ನಾಣ್ಯದಲ್ಲಿ ಟಕ್ ಟಕ್ ಬಡಿದು ಕೇಳಿ, ಒಳಗೆ ಗಾಳಿ ಗುಳ್ಳೆ ಇದ್ದಲ್ಲಿ ಸದ್ದು ಪೊಳ್ಳು ಬರ್ತದೆ, ತೆಂಗಿನಕಾಯಿ ಬಡಿದು ನೋಡುವುದು ಗೊತ್ತಿದ್ದವರಿಗೆ ಇದನ್ನು ಕಲಿಸ್ಬೇಕಾಗಿಲ್ಲ. ಬೋಲ್ಟ್ ಬರುವ ಅಂಚು ಮತ್ತು ಚಕ್ರದ ಮೇಲಿನ ಕಮಾನು, ಈ ಎರಡು ಕಡೆ ದಪ್ಪ ಕಡಿಮೆ ಇದ್ರೆ ವಾಪಸ್ ಕಳಿಸಿ.

ಪೈಂಟ್ ಮಾಡಿಸಿಯೇ ತಂದು ಕೂರಿಸಿದ್ರೆ ಆಗುದಿಲ್ವಾ? ಎರಡೆರಡು ಸಲ ಬಿಚ್ಚುವ ರಗಳೆ ಬೇಡ.

ಈ ಪ್ರಶ್ನೆಗೋಸ್ಕರವೇ ನಾನು ಇಷ್ಟು ಬರೆದದ್ದು ಅಂತ ಹೇಳ್ಬಹುದು. ಆಗುದಿಲ್ಲ ಮಾರಾಯ್ರೆ. ಕಾರಿಗೆ ಕೂರಿಸಿ, ಉಜ್ಜಿ, ಕೊಯ್ದು, ಸೇರಿಸಿ, ಎಲ್ಲ ಸರಿ ಆದ ಮೇಲೆ ಬಿಚ್ಚಿ ಪೈಂಟ್.

ನಾನೇ ಒಮ್ಮೆ ಬಿದ್ದ ಗುಂಡಿ ಇದು. ಶಾರ್ಜಾದಲ್ಲಿ ಎರಡನೇ ವರ್ಷ, ಕೆಂಪು ಎಂಎಕ್ಸ್-5, ಗಿರಾಕಿಗೆ ಗುರುವಾರ ಸಾಯಂಕಾಲ ಕಾರು ಬೇಕು, ಫೆಂಡರ್ ಬಂದದ್ದು ಮಂಗಳವಾರ. ಕಣ್ಣಳತೆಯಲ್ಲಿ ಹಳೇದರ ಪಕ್ಕ ಇಟ್ಟು ನೋಡಿದೆ, ಎಲ್ಲ ಸರಿ ಕಂಡಿತು, ನೇರ ಪ್ರೈಮರ್, ಬಣ್ಣ, ಮೇಲಿಂದ ಹೊಳಪಿನ ಕ್ಲಿಯರ್ ಕೋಟ್ ಹೊಡೆದೆ, ಕನ್ನಡಿಯ ಹಾಗೆ ಬಂತು, ಮೇಲಿನವರು ಬೆನ್ನು ತಟ್ಟಿದ್ರು. ಗುರುವಾರ ಬೆಳಿಗ್ಗೆ ಕೂರಿಸ್ಲಿಕ್ಕೆ ಹೋದ್ರೆ ಮೇಲೆ ಬಾನೆಟ್ ಸಾಲು ಸರಿ, ಕೆಳಗೆ ಡೋರಿನ ಮೂಲೆಯಲ್ಲಿ ಬೆರಳು ಹೋಗುವಷ್ಟು ಸಂದು, ಮೇಲಿನ ಮೂಲೆಯಲ್ಲಿ ಡೋರ್ ತೆಗೆದ್ರೆ ಅಂಚು ಫೆಂಡರಿಗೆ ತಾಗಿ ಕರ್ರ್ ಅಂತ ಬಣ್ಣ ಎದ್ದು ಬಂತು. ಆ ಸದ್ದು ಈಗಲೂ ಕಿವಿಯಲ್ಲಿ ಉಂಟು. ಕೆಂಪು ಕ್ಲಿಯರ್ ಮೇಲೆ ಗ್ರೈಂಡರ್ ಹಿಡಿದು ಶುರುವಿಂದ ಶುರು ಮಾಡಿದ್ದು, ಗಿರಾಕಿಗೆ ಕಾರು ಹೋದದ್ದು ಮುಂದಿನ ವಾರ, ಮೂರು ದಿನದ ಸಂಬಳ ಹೋಯ್ತು.

ಫೈಬರ್ ಅಚ್ಚಿಂದ ತೆಗೆದ ಮೇಲೂ ಚೂರು ಚೂರು ಕುಗ್ತಾ ಇರ್ತದೆ, ಅಚ್ಚು ತೆಗೆದ ಮೂಲ ಫೆಂಡರ್ ಯಾವ ಕಾರಿನದ್ದೋ ಎಷ್ಟು ಸಲ ಗುದ್ದಿದ್ದೋ, ಮತ್ತೆ ನಿಮ್ಮ ಕಾರು ಕೂಡ 30 ವರ್ಷದಲ್ಲಿ ಒಂದೆರಡು ಸಲ ಟಿಂಕರ್ ಕೈಗೆ ಹೋಗಿ ಬಂದದ್ದೇ ಇರ್ತದೆ. ಎರಡು ತಪ್ಪು ಒಂದೇ ಕಡೆ ತಿರುಗಿದ್ರೆ ಬೆರಳಗಲ ಸಂದು ಬಾರದೆ ಇರ್ತದಾ?

ಹಾಗಾದ್ರೆ ಕೂರಿಸುವ ಕ್ರಮ ಎಂತ?

ಬ್ಯಾಟರಿ ವೈರ್ ತೆಗಿರಿ, ಬಂಪರ್ ತೆಗಿರಿ, ಚಕ್ರದೊಳಗಿನ ಪ್ಲಾಸ್ಟಿಕ್ ಲೈನರ್ ತೆಗಿರಿ. ಬೋಲ್ಟ್ ಎಲ್ಲೆಲ್ಲಿ ಅಂದ್ರೆ ಬಾನೆಟ್ ಸಾಲಿನಲ್ಲಿ ಮೂರು ನಾಲ್ಕು, ಡೋರ್ ತೆಗೆದ್ರೆ ಹಿಂಜ್ ಹತ್ರ ಒಂದು, ಕೆಳಗೆ ಹೊಸಿಲ ಪಟ್ಟಿಯಲ್ಲಿ ಒಂದೆರಡು, ಮುಂದೆ ಬಂಪರ್ ಹತ್ರ. ಆ ಡೋರ್ ಒಳಗಿನದ್ದನ್ನು ಮರ್ತು ಫೆಂಡರ್ ಎಳೆದು ಬಗ್ಗಿಸಿದವರು ತುಂಬ ಜನ ಇದ್ದಾರೆ. ಬಿಚ್ಚುವಾಗ ಬೋಲ್ಟಿನ ಅಡಿಯಲ್ಲಿ ಶಿಮ್, ಅಂದ್ರೆ ಎತ್ತರ ಸರಿ ಮಾಡ್ಲಿಕ್ಕೆ ಇಟ್ಟ ತಗಡಿನ ತುಂಡು, ಇದ್ರೆ ಯಾವ ತೂತಿಂದ ಬಂತು ಅಂತ ಕಾಗದದಲ್ಲಿ ಬರೆದು ಕಟ್ಟಿಡಿ. ಫೈಬರ್ ತಗಡಿಗಿಂತ ಮೂರು ಪಟ್ಟು ದಪ್ಪ, ಹಾಗಾಗಿ ಹಳೇ ಶಿಮ್ ಹಾಗೆಯೇ ಹಾಕಿದ್ರೆ ಎತ್ತರ ಏರ್ತದೆ, ಹೆಚ್ಚಿನ ಕಡೆ ಅದು ಬೇಡವೇ ಬೇಡ.

ಡೋರ್ ಮತ್ತು ಫೆಂಡರ್ ಅಂಚಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ. ಹೊಸ ಫೆಂಡರ್ ಇಟ್ಟು ಎಲ್ಲ ಬೋಲ್ಟ್ ಕೈಯಲ್ಲಿ ಮಾತ್ರ ತಿರುಗಿಸಿ, ಸ್ಪ್ಯಾನರ್ ಮುಟ್ಬೇಡಿ. ಮೊದ್ಲು ಡೋರಿನ ಸಂದು ಸರಿ ಮಾಡ್ಬೇಕು, ಆಮೇಲೆ ಬಾನೆಟ್, ಕೊನೆಗೆ ಬಂಪರ್ ಮತ್ತು ಲೈಟ್. ಯಾಕೆ ಅಂದ್ರೆ ಬಾನೆಟ್ ಹಿಂಜಲ್ಲಿ ಚೂರು ಆಚೆ ಈಚೆ ಸರಿತದೆ, ಬಂಪರ್ ಅಂತೂ ಎಲ್ಲಿ ಬೇಕಾದ್ರೂ ಸರಿತದೆ, ಡೋರ್ ಸರಿಸ್ಲಿಕ್ಕೆ ಹೋದ್ರೆ ಹಿಂದಿನ ಸಂದು ಕೆಡ್ತದೆ. ಮುಂದಿನಿಂದ ಶುರು ಮಾಡಿದವನು ಇದ್ದ ತಪ್ಪನ್ನೆಲ್ಲ ತಳ್ಳಿಕೊಂಡು ಬಂದು ಡೋರಲ್ಲಿ ಸಿಕ್ಕಿ ಬೀಳ್ತಾನೆ.

ಸಂದು ಅಳೆಯಲಿಕ್ಕೆ ಗೇಜ್ ಬೇಕಾಗಿಲ್ಲ, ನಾನು ಉಪಯೋಗಿಸುವುದು ಅಡಿಕೆ ಹಾಳೆ. ಒಣಗಿದ ಹಾಳೆಯನ್ನು ಎರಡು ಬೆರಳಗಲ ಕತ್ತರಿಸಿ ಎರಡು ಪದರ ಸೇರಿಸಿದ್ರೆ 5 ಮಿಲಿಮೀಟರ್ ಹತ್ರ ಬರ್ತದೆ, ಸ್ಕೇಲ್ ಇಟ್ಟು ಒಂದೇ ದಪ್ಪದ್ದು ನಾಲ್ಕು ತುಂಡು ಆರಿಸಿ, ಡೋರಿನ ಸಂದಲ್ಲಿ ಮೇಲಿಂದ ಕೆಳಗೆ ಸಿಕ್ಕಿಸಿ ಫೆಂಡರನ್ನು ಅದಕ್ಕೆ ಒತ್ತಿ ಹಿಡಿದ್ರೆ ಸಾಕು. ಬಣ್ಣಕ್ಕೆ ಗೀರು ಬೀಳುದಿಲ್ಲ, ತುಂಡು ಕೆಳಗೆ ಬಿದ್ರೂ ಹುಡುಕ್ಬೇಕಾಗಿಲ್ಲ, ಶೆಡ್ಡಿನ ಮೂಲೆಯಲ್ಲಿ ರಾಶಿ ಉಂಟು. ಹಾಳೆ ತುಂಡು ಕೆಳಗೆ ಬಿಗಿ ಮೇಲೆ ಸಡಿಲ ಆದ್ರೆ ಹಿಂಜಿನ ಹತ್ತಿರದ ತೂತನ್ನು ದುಂಡು ಅರದಲ್ಲಿ ಉದ್ದ ಮಾಡ್ಬೇಕು. ಅಂಚು ಹೆಚ್ಚಿದ್ರೆ ಟೇಪ್ ಮೇಲೆ ಗೆರೆ ಎಳೆದು 80 ನಂಬರ್ ಉಜ್ಜುವ ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ, ಮೆಷಿನ್ ಇಟ್ರೆ ಒಂದು ಕ್ಷಣದಲ್ಲಿ 3 ಮಿಲಿಮೀಟರ್ ಹೋಗಿರ್ತದೆ. ಪ್ರತೀ ಸಲ ಡೋರನ್ನು ಮೆಲ್ಲ ಪೂರ್ತಿ ತೆಗೆದು ನೋಡಿ, ಮುಚ್ಚಿದಾಗ ಚಂದ ಇದ್ದದ್ದು ತೆಗೆಯುವಾಗ ತಾಗ್ಬಹುದು. ಒಂದು ಬದಿಗೆ ನನಗೆ ಈಗಲೂ ಒಂದು ಇಡೀ ದಿನ ಬೇಕು.

ಬೋಲ್ಟ್ ಬಿಗಿ ಮಾಡಿದ್ದು, ಟಿಕ್ ಅಂತ ಸದ್ದು ಬಂತು. ಹೋಯ್ತಾ?

ಹೋಯ್ತು. ತಗಡಿಗೆ ಬಿಗಿ ಮಾಡಿದ ಹಾಗೆ ಫೈಬರಿಗೆ ಮಾಡ್ಲಿಕ್ಕಿಲ್ಲ. 6 ಎಂಎಂ ಬೋಲ್ಟಿನ ಅಡಿಗೆ 25 ಎಂಎಂ ಅಗಲದ ವಾಶರ್ ಹಾಕಿ, ಸ್ಟೀಲಿನದ್ದಾದ್ರೆ ಒಳ್ಳೇದು, ಸಾಧ್ಯ ಇದ್ರೆ ಅದರ ಅಡಿಗೆ ತೆಳು ರಬ್ಬರ್. ತೂತು ಬೋಲ್ಟಿಗಿಂತ 2 ಎಂಎಂ ದೊಡ್ಡದೇ ಇರ್ಲಿ, ಬಿಸಿಲಿಗೆ ಫೈಬರ್ ಬಾಡಿಗಿಂತ ಹೆಚ್ಚು ಹಿಗ್ತದೆ, ಅದಕ್ಕೆ ಆಡ್ಲಿಕ್ಕೆ ಜಾಗ ಬೇಕು. ತೂತು ಹೊಡೆಯುವಾಗ ಜೆಲ್‌ಕೋಟ್ ಬದಿಯಿಂದಲೇ, ಟೇಪ್ ಹಾಕಿ, ಹಿಂದೆ ಮರದ ತುಂಡು ಕೊಟ್ಟು ಹೊಡೀರಿ.

ಅಂಚು ಕಡಿಮೆ ಬಂದ್ರೆ ಪುಟ್ಟಿ ತುಂಬಿಸ್ಬಹುದಾ?

2 ಮಿಲಿಮೀಟರ್ ಒಳಗೆ ಆದ್ರೆ ಫೈಬರ್ ಎಳೆ ಇರುವ ಪುಟ್ಟಿ ಆಗ್ತದೆ. ಅದಕ್ಕಿಂತ ಹೆಚ್ಚಾದ್ರೆ ಹಿಂದಿನಿಂದ ಮ್ಯಾಟ್ ಇಟ್ಟು ಬೆಳೆಸ್ಬೇಕು, ಬರೀ ಪುಟ್ಟಿ ಹಾಕಿದ್ರೆ ಡೋರ್ ನಾಲ್ಕು ಸಲ ಜೋರು ಹಾಕಿದಾಗ ಕಳಚಿ ಕೈಗೆ ಬರ್ತದೆ.

ಹಿಂದೆ 36 ಅಥವಾ 40 ನಂಬರ್ ಕಾಗದದಲ್ಲಿ ಹೊಳಪು ಪೂರ್ತಿ ಹೋಗುವ ಹಾಗೆ ಉಜ್ಜಿ, ಅಸಿಟೋನಲ್ಲಿ ಒರಸಿ. 450 ಗ್ರಾಂ ಮ್ಯಾಟ್ ಒಂದು ಪದರ ಅಂದ್ರೆ ಹತ್ತಿರ ಹತ್ತಿರ 1 ಮಿಲಿಮೀಟರ್ ದಪ್ಪ. ಮ್ಯಾಟ್‌ನ್ನು ಕತ್ತರಿಯಲ್ಲಿ ಕತ್ತರಿಸ್ಬೇಡಿ, ಕೈಯಲ್ಲಿ ಹರೀರಿ, ಹರಿದ ಅಂಚು ಮೆತ್ತಗೆ ಕೂತು ಬೆರೆತು ಹೋಗ್ತದೆ. ಮ್ಯಾಟ್ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು, ಬ್ರಶ್ಶಲ್ಲಿ ಬಳಿಯುವುದಲ್ಲ, ಕುತ್ತಬೇಕು, ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಆಗುವವರೆಗೆ. ಹಾರ್ಡನರ್, ಅಂದ್ರೆ ರೆಸಿನ್ ಗಟ್ಟಿ ಆಗ್ಲಿಕ್ಕೆ ಹಾಕುವ ದ್ರವ, ನಮ್ಮ ಸೆಕೆಗೆ ನೂರಕ್ಕೆ ಒಂದು ಸಾಕು, ಎರಡು ಹಾಕಿದ್ರೆ ಡಬ್ಬದಲ್ಲೇ ಬೆಲ್ಲದ ಪಾಕ ಆಗಿ ಹೊಗೆ ಬರ್ತದೆ, ಅದಕ್ಕೇ ಒಂದು ಸಲಕ್ಕೆ ಒಂದು ಗ್ಲಾಸ್‌ಗಿಂತ ಹೆಚ್ಚು ಕಲಸ್ಬೇಡಿ.

ಇನ್ನೊಂದು ಮಾತು, ಇದನ್ನು ತಮಾಷೆಗೆ ತಗೊಳ್ಬೇಡಿ. ರೆಸಿನ್ ಜೊತೆ ಕೋಬಾಲ್ಟ್ ಅಂತ ನೇರಳೆ ಬಣ್ಣದ್ದು ಬೇರೆ ಬಾಟ್ಲಿ ಕೊಟ್ರೆ ಅದನ್ನು ಮೊದ್ಲು ರೆಸಿನ್‌ಗೆ ಕಲಸಿ, ಪೂರ್ತಿ ಬೆರೆತ ಮೇಲೆಯೇ ಹಾರ್ಡನರ್. ಎರಡು ಬಾಟ್ಲಿಯದ್ದು ನೇರ ಒಂದಕ್ಕೊಂದು ಸೇರಿದ್ರೆ ಬೆಂಕಿ ಹತ್ತಿ ಸಿಡಿತದೆ. ಹಾರ್ಡನರ್ ಒಂದು ಹನಿ ಕಣ್ಣಿಗೆ ಹಾರಿದ್ರೂ ದೃಷ್ಟಿ ಹೋಗ್ಬಹುದು, ಕನ್ನಡಕ ಹಾಕದೆ ಮುಚ್ಚಳ ತೆಗಿಬೇಡಿ.

ಮಳೆಗಾಲದಲ್ಲಿ ಈ ಕೆಲಸ ಮಾಡ್ಬಹುದಾ?

ಆಟಿ ತಿಂಗಳಲ್ಲಿ ಬೇಡ. ಮಾಡ್ಲೇಬೇಕು ಅಂದ್ರೆ ಮೂರು ಗೋಡೆ ಮುಚ್ಚಿ, ಮ್ಯಾಟ್‌ನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಕ್ಕಿ ಡಬ್ಬದ ಹಾಗೆ ಕಾಪಾಡಿ. ಒದ್ದೆ ಹಿಡಿದ ಮ್ಯಾಟ್ ರೆಸಿನ್ ಕುಡಿಯುವುದೇ ಇಲ್ಲ, ಬೆಳ್ಳಗೆ ಉಳಿತದೆ. ಮೇಲೆ ಅಂಟು ಅಂಟು ಉಳಿದ್ರೆ ಮಾತ್ರ ಅದಕ್ಕೆ ಮಳೆಯನ್ನು ಬೈಬೇಡಿ, ಪಾಲಿಯೆಸ್ಟರ್ ರೆಸಿನ್ ಗಾಳಿ ತಾಗುವ ಕಡೆ ಹಾಗೆಯೇ, ಮೇಣ ಇಲ್ಲದ ರೆಸಿನ್ ಆದ್ರೆ ಆಮ್ಲಜನಕ ಮೇಲ್ಮೈಯನ್ನು ಗಟ್ಟಿ ಆಗ್ಲಿಕ್ಕೆ ಬಿಡುದಿಲ್ಲ. ಅಸಿಟೋನಲ್ಲಿ ಒರಸಿ ಆಮೇಲೆ ಉಜ್ಜಿ, ಇಲ್ಲದಿದ್ರೆ ಕಾಗದವೆಲ್ಲ ಅಂಟಿ ಹಾಳು.

ಮೈ ತುರಿಸ್ತದೆ ಅಂತಾರಲ್ಲ?

ತುರಿಸ್ತದೆ. ತುಂಡಾದ ಫೈಬರ್ ದೋಟಿಯನ್ನು ಬರಿಗೈಯಲ್ಲಿ ಹಿಡಿದು ನೋಡಿದ ಅಡಿಕೆಯವರಿಗೆ ಗೊತ್ತು, ಇದು ಅದರ ಅಣ್ಣ. ಉದ್ದ ಕೈಯ ಅಂಗಿ, ಕುತ್ತಿಗೆಗೆ ಬೈರಾಸು, ಮುಖಕ್ಕೆ ಒಳ್ಳೆ ಮಾಸ್ಕ್, ಒದ್ದೆ ಮಾಡಿ ಉಜ್ಜಿದ್ರೆ ಧೂಳೇ ಹಾರುದಿಲ್ಲ. ಕೆಲಸ ಮುಗಿದ ಮೇಲೆ ಬಿಸಿನೀರು ಬೇಡ, ಮೊದ್ಲು ತಣ್ಣೀರು ಹೊಯ್ದು ಎಳೆ ಹೋಗುವವರೆಗೆ ಉಜ್ಜದೆ ತೊಳೀರಿ, ಆಮೇಲೆ ಸೋಪು. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ವಾಷಿಂಗ್ ಮೆಷಿನಿಗೆ ಹಾಕಿದ್ರೆ ಮನೆಯಲ್ಲಿ ನಿಮಗೆ ಊಟ ಸಿಗುವುದು ಅನುಮಾನ. ಇದು ಧೂಳಿನ ಮಾತಾಯ್ತು, ರೆಸಿನ್ ವಾಸನೆ ತಲೆಗೆ ಹತ್ತುವಂಥದ್ದು, ಅದಕ್ಕೆ ಧೂಳಿನ ಮಾಸ್ಕ್ ಸಾಲುದಿಲ್ಲ, ಕಾರ್ಟ್ರಿಜ್ ಇರುವುದೇ ಬೇಕು.

ಕಡಪ್ಪುರದಲ್ಲಿ ಬೋಟಿಗೆ ಫೈಬರ್ ಹೊಡೆಯುವವರತ್ರ ಕೊಟ್ರೆ ಕಡಿಮೆಯಲ್ಲಿ ಆಗುದಿಲ್ವಾ?

ಒಡೆದದ್ದು ರಿಪೇರಿ ಮಾಡ್ಲಿಕ್ಕೆ ಅವರಷ್ಟು ಒಳ್ಳೆ ಕೈ ಬೇರೆ ಇಲ್ಲ, ನಾನೇ ಅವರತ್ರ ಕಲಿತದ್ದು ಉಂಟು, ರೋಲರ್ ಹಿಡಿದು ಗಾಳಿ ಗುಳ್ಳೆ ತೆಗೆಯುವ ಕ್ರಮ ಶಾರ್ಜಾದಲ್ಲಿ ಯಾರೂ ಹೇಳಿಕೊಟ್ಟಿರ್ಲಿಲ್ಲ. ಆದ್ರೆ ಅವರ ಲೆಕ್ಕ ಅಲೆಗೆ ನಿಲ್ಲುವ ಲೆಕ್ಕ, ಪದರದ ಮೇಲೆ ಪದರ. ಹೊಸ ಫೆಂಡರನ್ನೇ ಮಾಡಿಸಿದ್ರೆ ತಗಡಿಗಿಂತ ಭಾರ ಬರ್ತದೆ. ಎರಡು ಪದರ ಸಾಕು, ಅಂಚಿಗೆ ಮಾತ್ರ ಮೂರು ಅಂತ ಎದುರು ನಿಂತು ಹೇಳ್ಬೇಕು. ಸಾಮಾನು ಬೇಕಾದ್ರೆ ಮಂಗಳೂರು ಬಂದರಿನ ಬೋಟ್ ಸಾಮಾನಿನ ಅಂಗಡಿ ನೋಡಿ, ತಲಪಾಡಿ ದಾಟಿ ಹೋದ ಎಣ್ಣೆ ಖರ್ಚು ಹಿಡಿದ್ರೂ ನಷ್ಟ ಇಲ್ಲ. ಪೇಟೆಯ ಸಾಮಾನ್ಯ ಅಂಗಡಿಯಲ್ಲಿ ಮ್ಯಾಟ್ ಕೇಳಿದ್ರೆ ಕಾಲು ಒರಸುವುದನ್ನು ತೋರಿಸ್ತಾರೆ.

ಪೈಂಟಿಗೆ ಮುಂಚೆ ಎಂತ ತಯಾರಿ?

ಅಚ್ಚಿಂದ ಬಿಡಿಸ್ಲಿಕ್ಕೆ ಹಾಕಿದ ಮೇಣ ಮೇಲೆ ಇರ್ತದೆ, ಅದನ್ನು ಮೊದ್ಲು ಗ್ರೀಸ್ ರಿಮೂವರಲ್ಲಿ ಒರಸಿ ತೆಗೆದು ಆಮೇಲೆ ಉಜ್ಜಬೇಕು. ಮೊದ್ಲೇ ಉಜ್ಜಿದ್ರೆ ಮೇಣ ಗೀರಿನ ಒಳಗೆ ಹೋಗಿ ಬಣ್ಣದಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಏಳ್ತದೆ. ಕೂರಿಸಿದ ಮೇಲೆ ಎರಡು ಮೂರು ವಾರ ಕಾರಲ್ಲೇ ಬಿಸಿಲಿಗೆ ಬಿಡಿ, ಕುಗ್ಗುವುದು ಕುಗ್ಲಿ. ಆಮೇಲೆ 180, 320 ನಂಬರ್ ಕಾಗದ, ಎಪಾಕ್ಸಿ ಪ್ರೈಮರ್, 2ಕೆ (ಹಾರ್ಡನರ್ ಕಲಸುವ) ಪ್ರೈಮರ್, ಬಣ್ಣ. ಪೈಂಟ್ ತೆಗೆಯುವ ಕೆಮಿಕಲ್ ಫೈಬರಿಗೆ ಮುಟ್ಟಿಸ್ಲೇಬೇಡಿ, ರೆಸಿನ್‌ನ್ನೇ ತಿಂತದೆ. ಕಪ್ಪು ಬಣ್ಣ ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿಗೆ ಬೇಡ ಅಂತ ನನ್ನ ಅಭಿಪ್ರಾಯ, ಬಿಸಿಯಾಗಿ ಒಳಗಿನ ಮ್ಯಾಟ್ ಎಳೆಯ ಗುರುತು ಮೇಲೆ ಕಾಣ್ತದೆ.

ಫೆಂಡರ್ ಬದಲಿಸಿದ ಮೇಲೆ ಇಂಡಿಕೇಟರ್ ಉರಿತಾ ಇಲ್ಲ!

ಬಲ್ಬ್ ನೋಡ್ಬೇಡಿ, ಅರ್ತ್ ನೋಡಿ, ಅಂದ್ರೆ ಕರೆಂಟ್ ಬಾಡಿಗೆ ವಾಪಸ್ ಹೋಗುವ ವೈರ್. ಹಳೇ ತಗಡಿನ ಫೆಂಡರಿಗೆ ಯಾವುದಾದ್ರೂ ವೈರ್ ಬೋಲ್ಟ್ ಆಗಿತ್ತಾ? ಫೈಬರಲ್ಲಿ ಕರೆಂಟ್ ಹರಿಯುದಿಲ್ಲ, ಆ ವೈರನ್ನು ಉದ್ದ ಮಾಡಿ ಬಾಡಿಗೆ ಕೊಡಿ. ಹಾರ್ನ್, ರೇಡಿಯೋ ಆಂಟೆನಾ ಫೆಂಡರಲ್ಲಿದ್ರೆ ಅದಕ್ಕೂ ಇದೇ.

ಹೊರಗೆ ನಕ್ಷತ್ರದ ಹಾಗೆ ಸೀಳು ಬಿದ್ದಿದೆ, ಯಾರೂ ಗುದ್ದಲಿಲ್ಲ.

ಒಳಗಿನಿಂದ ಗುದ್ದಿದ್ದು. ಚಕ್ರ ಎಸೆದ ಜಲ್ಲಿಕಲ್ಲು. ಹೈವೇ 66ರ ಕೆಲಸ ಶುರು ಆದ ಮೇಲೆ ಈ ಪ್ರಶ್ನೆ ಜಾಸ್ತಿ ಆಯ್ತು. ಲೈನರ್ ವಾಪಸ್ ಹಾಕದೆ ಓಡಿಸ್ಬೇಡಿ, ಕಮಾನಿನ ಒಳಗೆ ಒಂದು ಪದರ ಮ್ಯಾಟ್ ಹೆಚ್ಚು ಇಟ್ಟು ಮೇಲೆ ರಬ್ಬರಿನ ಅಂಡರ್‌ಕೋಟ್ ಹೊಡೆದ್ರೆ ಕಲ್ಲು ಬಡಿದ್ರೂ ಡಬ್ ಅಂತ ಸದ್ದು ಮಾತ್ರ. ಬಿದ್ದ ಸೀಳನ್ನು ವಿ ಆಕಾರದಲ್ಲಿ ಕೆತ್ತಿ, ಹಿಂದಿನಿಂದ ಮ್ಯಾಟ್ ಹಾಕಿ, ಆಮೇಲೆ ಮುಂದೆ ತುಂಬಿಸಿ. ಮೇಲಿಂದ ಮಾತ್ರ ಪುಟ್ಟಿ ಎಳೆದ್ರೆ ಮುಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಅದೇ ನಕ್ಷತ್ರ.

ಅಗಲದ ಫೆಂಡರ್ ಹಾಕಿದ್ರೆ ಆರ್‌ಟಿಒದವರು ಹಿಡಿತಾರಾ?

ಹಿಡಿತಾರೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪೆನಿ ಕೊಟ್ಟ ವಿವರಕ್ಕಿಂತ ಬೇರೆ ಮಾಡ್ಲಿಕ್ಕಿಲ್ಲ, 2019 ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು, ಅದೂ ಕೇರಳದಿಂದ ಹೋದ ಕೇಸಲ್ಲಿ. ಸೆಕ್ಷನ್ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಕೆಎಲ್-14 ನಂಬರಿನ ರೋಡ್ ಕಾರಿಗೆ ಅಗಲದ್ದು ಹಾಕಿ ಕೊಡಿ ಅಂತ ಬಂದ್ರೆ ನಾನು ಚಾ ಕುಡಿಸಿ ಕಳಿಸ್ತೇನೆ, ಅಷ್ಟೇ. ಕೊಯಮತ್ತೂರು, ಚೆನ್ನೈ ಟ್ರ್ಯಾಕಿಗೆ ಲಾರಿಯಲ್ಲಿ ಹೋಗುವ ಕಾರಾದ್ರೆ ಮಾತಾಡುವ. ಮೂಲ ಆಕಾರದ್ದೇ ಆದ್ರೂ ಆರ್‌ಟಿಒದಲ್ಲಿ ಮೊದ್ಲು ಕೇಳಿ, ಇನ್ಶೂರೆನ್ಸ್‌ನವರಿಗೆ ಕಾಗದದಲ್ಲಿ ತಿಳಿಸಿ. ಗುದ್ದಿದ ಮೇಲೆ ಹೇಳಿದ್ರೆ ಕ್ಲೇಮಿಗೆ ರಗಳೆ.

ಹಳೇ ತಗಡಿನ ಫೆಂಡರ್ ಗುಜರಿಗೆ ಹಾಕ್ಲಾ?

ಹಾಕ್ಬೇಡಿ, ಎಷ್ಟು ತುಕ್ಕು ಹಿಡಿದಿದ್ರೂ. ನಾಳೆ ಫೈಬರ್ ಒಡೆದ್ರೆ ಅಂಚಿನ ಅಳತೆ, ತೂತಿನ ಜಾಗ ಎಲ್ಲ ಅದರಲ್ಲೇ ಉಂಟು, ಮತ್ತೆ ಕಾರು ಮಾರುವಾಗ ತಗೊಳ್ಳುವವರು ಒರಿಜಿನಲ್ ಉಂಟಾ ಅಂತ ಕೇಳಿಯೇ ಕೇಳ್ತಾರೆ. ತೊಳೆದು, ಒಣಗಿಸಿ, ಒಳಗೆ ಎಣ್ಣೆ ಬಳಿದು ಅಟ್ಟಕ್ಕೆ ಹಾಕಿ. ನನ್ನ ಅಟ್ಟದಲ್ಲಿ ಈಗ ಏಳು ಉಂಟು, ಮೂರು ಯಾರದ್ದು ಅಂತ ನನಗೂ ನೆನಪಿಲ್ಲ, ನಿಮ್ಮದಾಗಿದ್ರೆ ಬಂದು ಕೊಂಡುಹೋಗಿ, ಅಡಿಕೆ ಒಣಗಿಸ್ಲಿಕ್ಕೆ ಜಾಗ ಇಲ್ಲ ಅಂತ ಅಪ್ಪ ದಿನಾ ಬೈತಾ ಇದ್ದಾರೆ.